ಮಲಾಕಿಯ ಗಾಡಿ ಹಾಡಿದ ಸಂಜೆ

ಬುಧವಾರದ ಅಭ್ಯಾಸ ಮುಗಿದ ಮೇಲೆ ಫಾಲೆಮೊವಾ ಊರ ಚರ್ಚಿನ ಹಾಡುಗಾರರೆಲ್ಲ ಮಲಾಕಿಯ ಪಿಕಪ್ ಗಾಡಿಯ ಸುತ್ತ ಬಂದು ನಿಲ್ಲುವುದು ಎರಡು ವರ್ಷದಿಂದ ನಡೆದುಬಂದ ರೂಢಿ. ಅಭ್ಯಾಸವನ್ನು ಯಾರಾದರೂ ಫೋನಿನಲ್ಲಿ ಹಿಡಿದಿಟ್ಟಿರುತ್ತಾರೆ. ಆ ಫೋನನ್ನು ಗಾಡಿಗೆ ಸಿಕ್ಕಿಸಿ, ಎರಡೂ ಬಾಗಿಲು ತೆರೆದಿಟ್ಟು, ತಾವು ಹಾಡಿದ್ದನ್ನು ತಾವೇ ಕೇಳಿ, ನೀನಲ್ಲಿ ಎಳೆದೆ, ನೀನಿಲ್ಲಿ ನುಂಗಿದೆ ಎಂದು ಒಬ್ಬರನ್ನೊಬ್ಬರು ಆಡಿಕೊಂಡು ಮನೆಗೆ ಹೋಗುತ್ತಾರೆ. ಆ ಬುಧವಾರ ಮಾತ್ರ ಯಾರೂ ನಗಲಿಲ್ಲ. ಹಾಡಿಸುವವಳು ಅಕೆನೆಸೆ, ಮಲಾಕಿಯ ಸ್ವಂತ ಅಕ್ಕ. ಅವಳು ಹಾಡಿನ ಅರ್ಧಕ್ಕೇ ಕೈಯೆತ್ತಿದಳು.

“ಮಂದ್ರದ ದನಿ ಎಲ್ಲಿದೆ? ಯಾರಿಗಾದ್ರೂ ಕೇಳಿಸ್ತಾ?”

ಯಾರಿಗೂ ಕೇಳಿಸಿರಲಿಲ್ಲ. ಗಾಡಿಯೊಳಗಿಂದ ಬಂದದ್ದು ಹೆಂಗಸರ ದನಿಯೊಂದೇ, ಅದೂ ಸೊಳ್ಳೆ ಬಾಟಲಿಯೊಳಗೆ ಸಿಕ್ಕಿಕೊಂಡ ಹಾಗೆ.

“ಹೊಸ ಚರ್ಚು ತೆರೆಯೋಕೆ ಇನ್ನು ಹದಿನೆಂಟೇ ದಿನ. ಒಂಬತ್ತು ಊರಿನವರು ಬರ್ತಾರೆ. ಮಂದ್ರದ ನಾಲ್ಕೂ ಜನ ಈ ಸಲ ಹಾಡೋದು ಬೇಡ. ಆಪಿಯಾ ಪಟ್ಟಣದಿಂದ ನಮ್ಮ ಮನೆಯವರ ತಮ್ಮಂದಿರನ್ನ ಕರೆಸ್ತೀನಿ,” ಎಂದಳು ಅಕೆನೆಸೆ. ಅಷ್ಟು ಹೇಳಿ ಬೀಸಣಿಗೆ ಎತ್ತಿಕೊಂಡು ಹೊರಟೇಬಿಟ್ಟಳು.

ಆ ನಾಲ್ವರಲ್ಲಿ ಮಲಾಕಿ ಒಬ್ಬ. ಹದಿನೇಳನೆಯ ವಯಸ್ಸಿನಿಂದ ಐವತ್ತಮೂರರವರೆಗೆ ಅದೇ ಬೆಂಚಿನ ಅದೇ ತುದಿಯಲ್ಲಿ ಕೂತು ಹಾಡಿದವನು. ಅವನಿಗಿಂತ ಮುಂಚೆ ಆ ತುದಿ ಅವನಪ್ಪನದು. ಹೊಸ ಚರ್ಚಿನ ಒಂದೊಂದು ಇಟ್ಟಿಗೆಯೂ, ಚಾವಣಿಯ ಒಂದೊಂದು ತಗಡೂ ಬಂದರಿನಿಂದ ಬಂದದ್ದು ಇದೇ ಪಿಕಪ್ಪಿನ ಬೆನ್ನ ಮೇಲೆ. ಅಂಥವನು ಚರ್ಚು ತೆರೆಯುವ ದಿನ ನೆಂಟರ ಹಾಗೆ ಚಾಪೆಯ ಮೇಲೆ ಕೂತು ಬೇರೆಯವರ ಹಾಡು ಕೇಳಬೇಕು!

ಅಕ್ಕನನ್ನು ಕೇಳಬಹುದಿತ್ತಲ್ಲ ಎಂದರೆ, ಕೇಳುವ ಹಾಗಿಲ್ಲ. ಸವಾಯಿ ದ್ವೀಪದಲ್ಲಿ ಗಂಡಸು ಹೆಂಡತಿಗೆ ಎದುರಾಡುತ್ತಾನೆ, ಊರ ಹಿರಿಯರಿಗೂ ಒಮ್ಮೊಮ್ಮೆ ಎದುರಾಡುತ್ತಾನೆ. ಅಕ್ಕತಂಗಿಯರಿಗೆ ಎದುರಾಡುವವನನ್ನು ಮಾತ್ರ ಮನುಷ್ಯರ ಲೆಕ್ಕದಲ್ಲಿ ಇಡುವುದಿಲ್ಲ. ಅಕ್ಕ ಹೇಳಿದ್ದು ಹೇಳಿದ್ದೇ. ಮಲಾಕಿ ಗಾಡಿಯ ಬಾಗಿಲು ಹಾಕಿದ. ಹಾಕಿದ ರಭಸಕ್ಕೆ ಬಾಗಿಲಿನೊಳಗಿನ ಸ್ಪೀಕರು ಗಲಗಲ ಎಂದಿತು.

ಆಗ ಹೊಳೆಯಿತು ಅವನಿಗೆ. ತಪ್ಪು ತಮ್ಮದಲ್ಲ. ತಪ್ಪು ಗಾಡಿಯದು.

ಗಾಡಿ ಜಪಾನಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಕೀಲಿ ತಿರುಗಿಸಿದರೆ ಅದರ ರೇಡಿಯೋದೊಳಗಿಂದ ಒಬ್ಬಳು ಜಪಾನಿ ಹೆಂಗಸು ಏನೋ ಉಪಚಾರದ ಮಾತಾಡುತ್ತಾಳೆ. ಮಲಾಕಿಯ ಹೆಂಡತಿ ಲುಸಿಯಾ ಅವಳನ್ನು ‘ನನ್ನ ಸವತಿ’ ಎಂದೇ ಕರೆಯುವುದು. ರೇಡಿಯೋದ ಎಫ್.ಎಂ. ಜಪಾನಿನ ಲೆಕ್ಕಕ್ಕೆ ತೊಂಬತ್ತರವರೆಗೆ ಹೋಗಿ ನಿಂತುಬಿಡುತ್ತದೆ, ಆಪಿಯಾದ ಹಾಡಿನ ಕೇಂದ್ರಗಳೆಲ್ಲ ಅದರಾಚೆ. ಸ್ಪೀಕರುಗಳೋ, ಚಹಾದ ಸಾಸರಿನಷ್ಟು ಅಗಲ, ಕಾಗದದವು, ಉಪ್ಪುಗಾಳಿಗೆ ಅಂಚು ಹರಿದಿವೆ. ಇಂಥದ್ದರ ಬಾಯಲ್ಲಿ ನಾಲ್ಕು ಗಂಡಸರ ಮಂದ್ರ ಹೊರಡಬೇಕು ಅಂದರೆ ಎಲ್ಲಿಂದ ಹೊರಡೀತು?

“ರೀ, ಅಕ್ಕ ಬೇಡ ಅಂದ್ರು, ಬಿಟ್ಬಿಡಿ. ಪಾಪ, ಗಾಡಿ ಜೊತೆ ಯಾಕೆ ಜಗಳ?” ಎಂದಳು ಲುಸಿಯಾ.

“ಅಕ್ಕನ ಜೊತೆ ಜಗಳ ಆಡೋ ಹಾಗಿಲ್ಲ. ಗಾಡಿ ಜೊತೆ ಆಡ್ಬಹುದಲ್ಲ! ನಾನೊಂದು ಮಾತೂ ಆಡಲ್ಲ ನೋಡ್ತಿರು. ಹಾಡು ಅದೇ, ಫೋನೂ ಅದೇ. ಗಾಡಿ ಸರಿಯಾಗಲಿ, ಅಕ್ಕನೇ ಕೇಳಿಸ್ಕೊಂಡು ಅಕ್ಕನೇ ಕರೀತಾರೆ.”

“ನನ್ನ ಸವತಿ ಗತಿ?”

“ಅವಳನ್ನ ಮೊದಲು ಕೀಳೋದು.”

“ಹಾಗಾದ್ರೆ ಮಾಡಿ,” ಎಂದು ಲುಸಿಯಾ ನಕ್ಕಳು. ಅದರ ದುಡ್ಡಿಗೆ ಎರಡು ಹಂದಿ ಮಾರುತ್ತಾನೆ ಎಂದು ಗೊತ್ತಾದ ಮೇಲೆ ಆ ನಗು ಉಳಿಯಲಿಲ್ಲ. ಮಲಾಕಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಶನಿವಾರ ಮೊದಲ ಹಡಗಿಗೆ ಆಪಿಯಾಕ್ಕೆ ಹೋದ. ಅಂಗಡಿಯವನು ಬಾಗಿಲಿಗೆ ಎರಡು ದೊಡ್ಡ ಸ್ಪೀಕರು ತೋರಿಸಿದ. ಗಂಡಸರ ಕೆಳದನಿ ಬೇಕೆಂದರೆ ಅಷ್ಟು ಸಾಲದು, ಸೀಟಿನ ಹಿಂದೆ ಇಡುವ ದೊಡ್ಡ ಸ್ಪೀಕರಿನ ಪೆಟ್ಟಿಗೆಯೊಂದು ಬೇಕು ಎಂದ. ಪೆಟ್ಟಿಗೆಗೆ ಕಸುವು ಕೊಡಲು ಆಂಪ್ಲಿಫೈಯರ್ ಬೇಕು, ಇಷ್ಟಕ್ಕೆಲ್ಲ ಹಳೆಯ ಜಪಾನಿ ರೇಡಿಯೋ ಸೆಟ್ಟು ಆಗದು, ಹೊಸದೇ ಬೇಕು ಎಂದ. ಒಂದು ಬೇಕು ಎಂದು ಹೋದವನಿಗೆ ನಾಲ್ಕು ಹೇಳುವುದು ಅಂಗಡಿಯವರ ಹುಟ್ಟುಗುಣ. ಆದರೆ ಈ ಅಂಗಡಿಯವನು ಸುಳ್ಳು ಹೇಳುತ್ತಿರಲಿಲ್ಲ. ಮಲಾಕಿ ನಾಲ್ಕನ್ನೂ ಕೊಂಡು, ವಾಪಸು ಬರುವಾಗ ಹಡಗಿನಲ್ಲಿ ದೊಡ್ಡ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತ.

ಸೋಮವಾರ ಕೆಲಸ ಶುರು. ಜೊತೆಗೆ ಪೆನಿ. ದೋಣಿಯ ಎಂಜಿನು ರಿಪೇರಿ ಮಾಡುವವನು, ಮಂದ್ರದ ಸಾಲಿನಲ್ಲಿ ಮಲಾಕಿಯ ಪಕ್ಕದವನು. ಬಾಗಿಲಿನ ಒಳಹೊದಿಕೆ ಬಿಚ್ಚಿದರೆ ತುಕ್ಕು, ಮರಳು, ಒಂದು ಜಪಾನಿ ನಾಣ್ಯ. ಹೊಸ ಸ್ಪೀಕರು ಹಳೆಯ ತೂತಿಗೆ ಹಿಡಿಸಲಿಲ್ಲ. ತೂತು ಕೊರೆದು ಕೂರಿಸಿದರೆ ಕಿಟಕಿಯ ಗಾಜು ಇಳಿಯುವಾಗ ಅದರ ಬೆನ್ನಿಗೆ ತಾಗಿತು. ಪ್ಲೈವುಡ್ಡಿನಲ್ಲಿ ಬಳೆ ಕತ್ತರಿಸಿ ನಡುವೆ ಇಟ್ಟು ಸ್ಪೀಕರನ್ನು ಒಂದು ಬೆರಳು ಮುಂದಕ್ಕೆ ತಂದರು. ಬಾಗಿಲಿನ ತಗಡು ಅದುರದಿರಲೆಂದು ಚರ್ಚಿನ ಚಾವಣಿಗೆ ಹಾಕಿ ಮಿಕ್ಕಿದ್ದ ಡಾಂಬರಿನ ಹಾಳೆ ಒಳಗೆ ಅಂಟಿಸಿದರು. “ದೇವರ ಮನೆ ಸಾಮಾನು ಕಣೋ,” ಎಂದು ಪೆನಿ ಹಿಂದೆಮುಂದೆ ನೋಡಿದ. “ದೇವರ ಹಾಡಿಗೇ ತಾನೆ?” ಎಂದ ಮಲಾಕಿ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ದಪ್ಪ ತಂತಿ ಎಳೆಯುವಷ್ಟರಲ್ಲಿ ಸೋಮವಾರ ಮುಗಿಯಿತು.

ಮಂಗಳವಾರ ಮಧ್ಯಾಹ್ನ ಹೊಸ ಸೆಟ್ಟಿನ ಸರದಿ. ಅದಕ್ಕೆ ಕರೆಂಟಿನ ತಂತಿ ಎರಡು. ಒಂದರಲ್ಲಿ ಸದಾ ಕರೆಂಟು ಇರಬೇಕು, ಇನ್ನೊಂದರಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು. ಈ ಎರಡನೆಯದು ಗಾಡಿಯಲ್ಲಿ ಎಲ್ಲಿದೆಯೋ ಸಿಗಲೇ ಇಲ್ಲ. ಮೂರು ಗಂಟೆ ಹುಡುಕಿದರು. ಅಂಗಿ ಒದ್ದೆ, ಬೆನ್ನು ನೋವು, ಹೊಟ್ಟೆ ಖಾಲಿ.

“ನಾಳೆ ನೋಡೋಣ ಮಾರಾಯ,” ಎಂದ ಪೆನಿ.

“ನಾಳೆ ಬುಧವಾರ! ನಾಳೆ ಎಲ್ಲ ಬಂದು ನಿಲ್ತಾರೆ. ಇವತ್ತೇ ಹಾಡ್ಬೇಕು ಇದು. ಎರಡೂ ಸೇರಿಸಿ ಒಂದಕ್ಕೇ ಕಟ್ಟಿಬಿಡು.”

“ಕೀಲಿ ತೆಗೆದ್ರೂ ಆರಲ್ಲ ಕಣೋ ಆಮೇಲೆ.”

“ಸೆಟ್ಟಿನ ಮೇಲೆ ಗುಂಡಿ ಇದೆಯಲ್ಲ, ಒತ್ತಿದ್ರೆ ಆರುತ್ತೆ. ಕಟ್ಟು ಅಂದ್ರೆ ಕಟ್ಟು!”

ಕಟ್ಟಿದರು. ಅಷ್ಟರಲ್ಲಿ ಮೊದಲ ಶಂಖ ಮೊಳಗಿತು. ಸಂಜೆಯ ಪ್ರಾರ್ಥನೆಗೆ ಊರು ಅಣಿಯಾಗಬೇಕಾದ ಹೊತ್ತು. ಎರಡನೆಯ ಶಂಖ ಮೊಳಗಿದರೆ ಮುಗಿಯಿತು, ಮೂರನೆಯದು ಮೊಳಗುವ ತನಕ ಫಾಲೆಮೊವಾದಲ್ಲಿ ಯಾರೂ ನಡೆಯುವ ಹಾಗಿಲ್ಲ, ಗಾಡಿ ಓಡುವ ಹಾಗಿಲ್ಲ, ಸದ್ದು ಮಾಡುವ ಹಾಗಿಲ್ಲ. ರಸ್ತೆಯ ಎರಡೂ ತುದಿಗೆ ಊರಿನ ಗಂಡಸರು ದೊಣ್ಣೆ ಹಿಡಿದು ಕಾವಲು ನಿಲ್ಲುತ್ತಾರೆ. ಪೆನಿ ಮನೆಗೆ ಓಡಿದ.

ಒಂದೇ ಒಂದು ಸಾಲು ಕೇಳಿಬಿಡೋಣ ಎಂದು ಮಲಾಕಿ ಪೆನ್‌ಡ್ರೈವ್ ಚುಚ್ಚಿದ. ಅದರಲ್ಲಿ ಲುಸಿಯಾ ತುಂಬಿಸಿಟ್ಟಿದ್ದ ಒಂಬೈನೂರು ಕುಣಿತದ ಹಾಡು, ಅವಕ್ಕಿಂತ ಮೊದಲಿಗೆ ಫೋನಿನಿಂದ ಇಳಿಸಿಕೊಂಡ ಬುಧವಾರದ ಅಭ್ಯಾಸ. ಪರದೆ ಮಿಣಮಿಣ ಎಂದಿತೇ ಹೊರತು ಸದ್ದು ಬರಲಿಲ್ಲ. ದನಿ ಏರಿಸಿದ. ಇಲ್ಲ. ಇನ್ನೂ ಏರಿಸಿದ, ತುದಿಯವರೆಗೂ ತಿರುಗಿಸಿದ. ಉಸಿರಿಲ್ಲ. ಎರಡನೆಯ ಶಂಖ ಮೊಳಗಿತು. ಮಲಾಕಿಯ ಕೈ ಆರು ವರ್ಷದಿಂದ ದಿನವೂ ಮಾಡಿದ್ದನ್ನೇ ಮಾಡಿತು: ಕೀಲಿ ಕಿತ್ತು ಜೇಬಿಗೆ ಹಾಕಿತು. ಅವನು ಒಳಗೆ ಓಡಿದ. ಒಂಬೈನೂರು ಹಾಡು ಓದಿಕೊಳ್ಳಲು ಸೆಟ್ಟಿಗೂ ಸ್ವಲ್ಪ ಸಮಯ ಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

ಗೋಡೆಯಿಲ್ಲದ ಮನೆ, ಕಂಬಗಳ ನಡುವೆ ಬಯಲೂ ಅದರ ಸುತ್ತಲಿನ ಊರೂ ಕಾಣುತ್ತವೆ. ಮನೆಯವರು ಚಾಪೆಯ ಮೇಲೆ ಕೂತಿದ್ದರು. ಊರಿಗೆ ಊರೇ ಮೌನ. ಮಲಾಕಿ ಕಣ್ಣು ಮುಚ್ಚಿ “ನಮ್ಮ ತಂದೆಯೇ” ಎಂದ.

ಗಾಡಿ ಹಾಡಿತು.

ಚಾಪೆ ನಡುಗಿತು. ಕಂಬ ನಡುಗಿತು. ಎದೆಯೊಳಗೆ ಯಾರೋ ಕೈ ಹಾಕಿ ಅಲುಗಿಸಿದ ಹಾಗೆ ನಾಲ್ಕು ಗಂಡಸರ ಮಂದ್ರ ಎದ್ದು ಇಡೀ ಬಯಲನ್ನು ತುಂಬಿಕೊಂಡಿತು. ಮಲಾಕಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಂತೋಷ. ಇದೆಯಲ್ಲ! ನಮ್ಮ ದನಿ ಇದೆಯಲ್ಲ! ಅಕ್ಕನ ಮನೆ ಹತ್ತು ಮಾರು ದೂರ, ಖಂಡಿತ ಕೇಳಿರುತ್ತಾಳೆ. ಅವನ ಕಣ್ಣು ತುಂಬಿಬಂತು. ಎದ್ದು ಹೋಗಿ ಆರಿಸುವ ಮಾತೇ ಇಲ್ಲ, ಈ ಹೊತ್ತಿನಲ್ಲಿ ಎದ್ದರೆ ಅದು ಇನ್ನೊಂದು ತಪ್ಪು. ಕೂತು ಕೇಳಿದ.

ಮೊದಲ ಸಾಲು ಮುಗಿಯಿತು. ಎಲ್ಲರೂ ನಿಲ್ಲಿಸಿದರು. ಒಂದು ದನಿ ನಿಲ್ಲಿಸಲಿಲ್ಲ.

ಎರಡನೆಯ ಸಾಲು ಎಲ್ಲರೂ ಎತ್ತಿಕೊಂಡರು. ಆ ಒಂದು ದನಿ ಅರ್ಧ ಉಸಿರು ತಡವಾಗಿ, ಮೆಟ್ಟಿಲು ತಪ್ಪಿದವನ ಹಾಗೆ ಕೆಳಗೆ ಜಾರಿ, ತಡವರಿಸಿಕೊಂಡು ಬಂದು ಸೇರಿತು. ಯಾವನಪ್ಪಾ ಈ ಕೋಣ ಎಂದುಕೊಂಡ ಮಲಾಕಿ. ಪೆನಿಯೇ? ಅಲ್ಲ, ಪೆನಿಯ ದನಿ ಗೊತ್ತು. ಉಳಿದಿಬ್ಬರೇ? ಅವರೂ ಅಲ್ಲ, ಅವರ ದನಿಗಳು ಬೇರೆಬೇರೆಯಾಗಿ ಕೇಳುತ್ತಿವೆ. ಇದು ಯಾರದೋ ಗುರುತೇ ಇಲ್ಲದ ಒರಟು ದನಿ. ಇವನೊಬ್ಬನಿಂದ ನಾಲ್ಕು ಜನಕ್ಕೂ ಕೆಟ್ಟ ಹೆಸರು! ಎರಡನೆಯ ಚರಣಕ್ಕೆ ಮೊದಲು ಯಾರೋ ಎರಡು ಸಲ ಕೆಮ್ಮಿದರು. ಆ ಕೆಮ್ಮು ಮುಗಿದದ್ದೇ ಒರಟು ದನಿ ಶುರುವಾಯಿತು, ತಡವಾಗಿ.

ಬುಧವಾರ ಆ ಜಾಗದಲ್ಲಿ ಕೆಮ್ಮಿದ್ದು ಮಲಾಕಿ. ಸೊಳ್ಳೆಬತ್ತಿಯ ಹೊಗೆ ಗಂಟಲಿಗೆ ಹೋಗಿತ್ತು.

ಲುಸಿಯಾ ತಲೆ ತಗ್ಗಿಸಿ ಕೂತಿದ್ದಳು, ಅವಳ ಹೆಗಲು ಕುಲುಕುತ್ತಿತ್ತು. ಮೂರು ಚರಣ, ಒಂದೊಂದು ಸಾಲಿನ ಕೊನೆಯಲ್ಲೂ ಅದೇ. ಊರಿನಲ್ಲಿ ಒಬ್ಬರೂ ಅಲುಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಕಿವಿ ಮುಚ್ಚಿಕೊಳ್ಳುವ ಹಾಗೂ ಇಲ್ಲ. ಕೊನೆಗೆ ಎಲ್ಲರೂ ಆಮೆನ್ ಹಾಡಿದರು. ಎಲ್ಲರದೂ ಮುಗಿದ ಮೇಲೆ ಮಲಾಕಿಯ ಆಮೆನ್ ಒಂಟಿಯಾಗಿ ಬಯಲು ದಾಟಿ ಹೋಯಿತು. ಎದುರು ಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೂರನೆಯ ಶಂಖ ಮೊಳಗಿತು. ಮಲಾಕಿ ಓಡಿಹೋಗಿ ಲುಸಿಯಾಳ ಕುಣಿತದ ಹಾಡು ಶುರುವಾಗುವ ಮೊದಲೇ ಗುಂಡಿ ಒತ್ತಿದ.

ಕಾವಲಿನವರ ಹಿರಿಯ ಬಂದು ದಂಡ ಹೇಳಿದ: ಒಂದು ಪೆಟ್ಟಿಗೆ ಡಬ್ಬಿ ಮೀನು. “ದೇವರ ಹಾಡು ಅಂತ ಒಂದೇ ಪೆಟ್ಟಿಗೆ. ಬೇರೆ ಹಾಡಾಗಿದ್ರೆ ಮೂರು,” ಎಂದು ನಗು ತಡೆದುಕೊಂಡು ಹೋದ. ಅವನ ಹಿಂದೆಯೇ ಪೆನಿ ಬಂದ. ಗಾಡಿಯನ್ನು ನೋಡಿದ, ನೆಲ ನೋಡಿದ, ಮಲಾಕಿಯ ಮುಖ ನೋಡಲಿಲ್ಲ.

“ನಿಂಗೆ ಗೊತ್ತಿತ್ತೇನೋ?” ಎಂದ ಮಲಾಕಿ.

“ಪಕ್ಕದಲ್ಲೇ ಕೂರೋನು ಕಣಯ್ಯ ನಾನು. ಎರಡು ವರ್ಷದಿಂದ ಕೇಳ್ತಿದೀನಿ.”

“ಮತ್ತೆ ಬಾಯಲ್ಲೇನು ಇಟ್ಕೊಂಡಿದ್ದೆ? ಎರಡು ದಿನ ನನ್ನ ಜೊತೆ ಬಾಗಿಲು ಬಿಚ್ಚಿದೆಯಲ್ಲೋ!”

“ಹೇಗೆ ಹೇಳ್ಲೋ? ನಿನ್ನ ಮುಖ ನೋಡಿದ್ರೆ ಆಗ್ಲಿಲ್ಲ,” ಎಂದ ಪೆನಿ. ಅವನಿಗೆ ಅಳು ಬರುವಂತಿತ್ತು.

ಮಲಾಕಿಗೆ ಮನೆಯೊಳಗೆ ಹೋಗಿ ಮುಸುಕೆಳೆದು ಮಲಗಬೇಕು ಅನ್ನಿಸಿತು. ಮರುಕ್ಷಣ ಅಂಗಿ ಸರಿಮಾಡಿಕೊಂಡು ನೆಟ್ಟಗೆ ಅಕ್ಕನ ಮನೆಗೆ ನಡೆದ. ಅಕೆನೆಸೆ ಕಂಬಕ್ಕೆ ಒರಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಅವನು ಅಂಚಿನಲ್ಲೇ ಕಾಲು ಮಡಿಸಿ, ತಲೆ ತಗ್ಗಿಸಿ ಕೂತ.

“ಅಕ್ಕಾ, ಆ ಮೂರು ಜನದ್ದು ಏನೂ ತಪ್ಪಿಲ್ಲ. ಅವರನ್ನ ವಾಪಸ್ ಕರ್ಕೊಳ್ಳಿ. ಹಾಳು ಮಾಡ್ತಿರೋನು ನಾನು.”

“ನಂಗೆ ಗೊತ್ತಿಲ್ವೇನೋ? ನನ್ನ ಕಿವಿ ಜಪಾನಿಂದ ಬಂದಿದ್ದಾ?”

“ಗೊತ್ತಿದ್ದೂ ನಾಲ್ಕು ಜನಾನೂ...” ಎಂದು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ಅದು ಎದುರು ಮಾತಾಗುತ್ತಿತ್ತು.

ಬೀಸಣಿಗೆ ನಿಂತಿತು. “ನಿನ್ನೊಬ್ಬನ ಹೆಸರು ಊರ ಮುಂದೆ ಹೇಗೋ ಹೇಳ್ಲಿ? ನಿನ್ನ ಮಾನ ಹೋದ್ರೆ ನಂದು ಉಳಿಯುತ್ತಾ? ನಾಲ್ಕು ಜನರ ನಡುವೆ ನಿನ್ನ ಬಚ್ಚಿಟ್ಟಿದ್ದೆ. ದನಿ ಕೇಳ್ಸಲ್ಲ ಅಂತ ನೆಪ ಬೇರೆ ಹೂಡಿದೆ. ನೀನು ನೋಡಿದ್ರೆ ಹಂದಿ ಮಾರಿ, ಡಬ್ಬ ತಂದು, ಪ್ರಾರ್ಥನೆ ಹೊತ್ತಲ್ಲಿ ಊರಿಗೆಲ್ಲ ಕೇಳಿಸಿದೆ!”

ಮಲಾಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆ ಎಂದುಕೊಂಡಳು ಅಕ್ಕ. ಅವನು ಅಳುತ್ತಲೂ ಇದ್ದ, ನಗುತ್ತಲೂ ಇದ್ದ. ಐವತ್ತಮೂರು ವರ್ಷದಲ್ಲಿ ಅಕ್ಕನ ಮೇಲೆ ಅವನಿಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಅಕೆನೆಸೆ ಎದ್ದಳು. ಲುಂಗಿಯ ಗಂಟು ಬಿಗಿ ಮಾಡಿಕೊಂಡು, ಬಯಲಿನವರೆಲ್ಲ ನೋಡುತ್ತಿದ್ದ ಹಾಗೇ ನಡೆದು ಹೋಗಿ ಗಾಡಿಯ ಮುಂದಿನ ಸೀಟಿನಲ್ಲಿ ಕೂತಳು. ಮಲಾಕಿ ಹಿಂದೆಯೇ ಬಂದು ತೆರೆದ ಬಾಗಿಲ ಹತ್ತಿರ ಕೈ ಕಟ್ಟಿ ನಿಂತ.

“ಹನ್ನೆರಡು ದಿನ ಇದೆ,” ಎಂದಳು. “ಊರಿಗೆಲ್ಲ ಗೊತ್ತಾಯ್ತು, ಇನ್ನು ಬಚ್ಚಿಡೋಕೇನಿದೆ? ಕಲಿಯೋಕೇನು ಧಾಡಿ? ಹಾಕು, ಮೊದಲಿಂದ.”

ಅವನು ಗುಂಡಿ ಒತ್ತಿ ತಾನೂ ಜೊತೆಗೆ ಹಾಡತೊಡಗಿದ. ಅಕ್ಕ ಗಾಡಿಯ ಹಲಗೆಯ ಮೇಲೆ ಅಂಗೈಯಿಂದ ತಾಳ ಹಾಕಿದಳು. ಮೊದಲ ಸಾಲಿನ ಕೊನೆಗೆ ಕೈ ಎತ್ತಿ ಹಿಡಿದಳು. ಹಾಡಿದವರೆಲ್ಲ ನಿಲ್ಲಿಸಿದರು. ಗಾಡಿಯೊಳಗಿನ ಮಲಾಕಿ ನಿಲ್ಲಿಸಲಿಲ್ಲ, ಹೊರಗಿನ ಮಲಾಕಿಯೂ ನಿಲ್ಲಿಸಲಿಲ್ಲ.

“ಇನ್ನೊಂದ್ಸಲ,” ಎಂದಳು ಅಕ್ಕ.