ಪ್ರಯಾರಿಟಿವೆಲ್ ಬೀದಿ

"ಬೋರಲು ಹಾಕಿ ನೋಡು, ಅಡೀಲಿ ಹೆಸರಿರುತ್ತೆ," ಎಂದು ಅರ್ನೆಸ್ಟೀನ್ ನೊರೆ ಮೆತ್ತಿದ ಕೈಯಿಂದಲೇ ಗಾಜಿನ ಪಾತ್ರೆಯನ್ನು ದಾಟಿಸಿದಳು.

ವರ್ನೀಟಾ ಒರೆಸಿ ತಿರುಗಿಸಿದಳು. ಅಂಟುಪಟ್ಟಿಯ ಮೇಲೆ ದಪ್ಪ ಅಕ್ಷರ: ಮೋಜೆಲ್.

"ನಂದೇ, ಕೊಡಿಲ್ಲಿ." ಬಾಗಿಲ ಬಳಿ ಕೂತಿದ್ದ ಪಕ್ಕದ ಮನೆಯ ಮೋಜೆಲ್ ಕೈ ಚಾಚಿದಳು. "ಹೋದ ಸಲ ಪಟ್ಟಿ ಅಂಟಿಸೋದು ಮರೆತೆ. ನನ್ನ ಪಾತ್ರೆ ಪಾದ್ರಿ ಹೆಂಡ್ತಿ ಮನೇಲಿ ಸಂಸಾರ ಹೂಡಿತ್ತು."

ಅರ್ನೆಸ್ಟೀನಳ ಮಗಳು ಕಿಯೋನಾಳನ್ನು ಬೆಳಿಗ್ಗೆ ಮಣ್ಣು ಮಾಡಿ ಬಂದಿದ್ದರು. ಇಗರ್ಜಿಯವರು ತಂತಮ್ಮ ಮನೆಯ ಪಾತ್ರೆಗಳಲ್ಲಿ ತಂದ ಕೋಳಿ, ಸೊಪ್ಪು, ಕೇಕು ಮುಗಿದಿದ್ದವು; ಪಾತ್ರೆ ತೊಳೆದು ಅವರವರಿಗೆ ಮರಳಿಸಬೇಕಿತ್ತು. ಒಳಕೋಣೆಯಲ್ಲಿ ಕಿಯೋನಾಳ ಕೂಸು ಕೊಸರಾಡಿ ಮತ್ತೆ ಸುಮ್ಮನಾಯಿತು.

"ನಗರಸಭೆಯೋಳಲ್ವಾ ನೀನು?" ಮೋಜೆಲ್ ವರ್ನೀಟಾಳನ್ನು ಕೆಣಕಿದಳು. "ಇವತ್ತು ಬೀದಿ ಸಿಕ್ತಾ, ತಾಯಿ?"

ವರ್ನೀಟಾ ಒರೆಸಿದ್ದನ್ನೇ ಒರೆಸಿದಳು. ಆ ಊರಲ್ಲಿ ಹೆರಿಗೆಯಾದ ಮೇಲೆ ಸಾಯುತ್ತಿದ್ದವರಲ್ಲಿ ಕಪ್ಪು ತಾಯಂದಿರೇ ಹೆಚ್ಚು. ಅವರ ಮನೆಗೆ ನರ್ಸ್‌ಗಳನ್ನು ಕಳಿಸುವುದು ಅವಳ ಕಚೇರಿಯ ಕೆಲಸ. ಇದು ಬಿಳಿಯರಿಗೆ ಅನ್ಯಾಯ ಎಂದು ಯಾರೋ ಕೋರ್ಟಿಗೆ ಹೋದರು. ಕೆಲಸ ಇರಲಿ, ಕಪ್ಪು ಎಂಬ ಪದ ಅಳಿಸಿ ಎಂದರು ನಗರಸಭೆಯ ವಕೀಲರು. ವರ್ನೀಟಾ ತಾನೇ ಕೂತು, ಕಡತಗಳಲ್ಲಿ 'ಬ್ಲ್ಯಾಕ್' ಇದ್ದಲ್ಲೆಲ್ಲ ಆದ್ಯತೆ ಎಂಬರ್ಥದ 'ಪ್ರಯಾರಿಟಿ' ಬರುವಂತೆ ಮಾಡಿದಳು. ಕಂಪ್ಯೂಟರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು. ಕಿಯೋನಾಳ ಮನೆಯಿದ್ದ ಬ್ಲ್ಯಾಕ್‌ವೆಲ್ ಬೀದಿ ಪ್ರಯಾರಿಟಿವೆಲ್ ಬೀದಿಯಾಯಿತು. ಊರಿಗೆ ಹೊಸಬಳಾದ ನರ್ಸ್ ಫೋನಿನ ನಕ್ಷೆಯಲ್ಲಿ ಹುಡುಕಿ, ಅಂಥ ಬೀದಿ ಇಲ್ಲವೆಂದು ಬರೆದು ವಾಪಸಾದಳು. ಆ ವಾರವೇ ಕಿಯೋನಾಳ ರಕ್ತದೊತ್ತಡ ಏರಿದ್ದು.

"ಮಿಸ್ ಅರ್ನೆಸ್ಟೀನ್," ಎಂದು ಹಿರಿಯರನ್ನು ಕರೆಯುವಂತೆ ಕರೆದು ವರ್ನೀಟಾ ಬಟ್ಟೆ ಕೆಳಗಿಟ್ಟಳು. "ಇವತ್ತು ಕೇಳೋ ಮಾತಲ್ಲ. ಆದ್ರೆ ಸೋಮವಾರ ಕೋರ್ಟಿದೆ."

"ಕೇಳು."

"ನರ್ಸ್ ಯೋಜನೆಗೆ ಕಿಯೋನಾ ಹೆಸರಿಟ್ರೆ ಉಳೀಬಹುದು ಅಂತಾರೆ ವಕೀಲರು. ಸತ್ತ ತಾಯಿ ಹೆಸರಿನ ಮೇಲೆ ಕೇಸು ನಡೆಸೋಕೆ ಕೋರ್ಟಿಗೆ ಹೋದವರಿಗೂ ಮುಜುಗರ ಆಗುತ್ತಂತೆ. ನೀವು ಹೂಂ ಅಂದ್ರೆ ಸಾಕು. ಇಲ್ಲಾಂದ್ರೆ ನರ್ಸ್‌ಗಳನ್ನ ಕಳಿಸೋದು ನಿಂತೇಹೋಗುತ್ತೆ."

"ಅವಳ ಫೋಟೋನೂ ಹಾಕ್ತೀರಾ?"

"ಹಾಕ್ತೀವಿ. ದೊಡ್ಡದು."

"ಕೆಳಗೆ ಏನಂತ ಬರೀತೀರಿ?"

"ಒಬ್ಬ ತಾಯಿ ಅಂತ."

"ಕಪ್ಪು ತಾಯಿ ಅಂತ?"

ವರ್ನೀಟಾ ತನ್ನ ಕೈಗಳನ್ನೇ ನೋಡಿಕೊಂಡಳು. "ಆ ಪದ ಬರೆಯೋ ಹಾಗಿಲ್ಲ."

"ಫೋಟೋದಲ್ಲಿ ಕಾಣುತ್ತಲ್ಲ ಬಿಡು," ಎಂದು ಮೋಜೆಲ್ ಮೂಗು ಮುರಿದಳು. "ಇಲ್ಲಾ ಅದಕ್ಕೂ ಸುಣ್ಣ ಬಳೀತೀರೋ?"

ಅರ್ನೆಸ್ಟೀನ್ ನಲ್ಲಿ ನಿಲ್ಲಿಸಿದಳು. ತೊಟ್ಟಿಯ ತಳದಲ್ಲಿ ಕೊನೆಯ ತಟ್ಟೆಯೊಂದು ಉಳಿದಿತ್ತು. ಎತ್ತಿ ತಿರುಗಿಸಿದಳು. ನೀರಿನಲ್ಲಿ ನೆನೆದು ಪಟ್ಟಿ ಎದ್ದುಹೋಗಿತ್ತು. ಅಂಟಿನ ಗುರುತಷ್ಟೇ ಇತ್ತು. ಹೆಬ್ಬೆರಳಿನಿಂದ ಅದನ್ನು ಸವರಿದಳು.

"ಬೇಡ," ಎಂದಳು.

"ಮಿಸ್ ಅರ್ನೆಸ್ಟೀನ್, ಉಳಿದ ತಾಯಂದಿರು..."

"ಬೇಡ ಅಂದೆನಲ್ಲ, ಮಗಳೇ. ಪಟ್ಟಿ ಎದ್ದುಹೋಗಿದೆ, ಈ ತಟ್ಟೆ ಯಾರದು ನೋಡು."