ಹದಿನೇಳನೇ ನಂಬರಿನಾಕಿ

ಮುಳವಾಡದ ಬಿಬಿಜಾನಳನ್ನು ಕ್ಯಾನ್ಸರ್ ಸಂಶೋಧಕರು ಎರಡು ವರ್ಷಗಳಲ್ಲಿ ಹನ್ನೊಂದು ಸಲ ಪರೀಕ್ಷಿಸಿದ್ದಾರೆಂದು ಬಾಗೇವಾಡಿಯ ಸಂಶೋಧನಾ ಕೇಂದ್ರದ ದಾಖಲೆಯಲ್ಲಿತ್ತು. ಒಮ್ಮೆಯೂ ಯಾರೂ ಪರೀಕ್ಷಿಸಿರಲಿಲ್ಲ.

"ಸಾವಕಾಶ ಹಾಕವಾ ನೀರು," ಅಂದಳು ಹೆಣ ತೊಳೆಯುವ ಮುದುಕಿ. "ಅಕಿಗೆ ಈಗೂ ನೋವ ಅಕ್ಕೈತಿ."

ತರನ್ನುಮ ತಂಬಿಗೆ ಬಗ್ಗಿಸಿದಳು. ಹಿತ್ತಲಲ್ಲಿ ಸುತ್ತಲೂ ಸೀರೆ ಕಟ್ಟಿ ಮರೆ ಮಾಡಿದ್ದರು. ಹಲಗೆಯ ಮೇಲೆ ಅವಳ ಅವ್ವ ಬಿಬಿಜಾನ. ಹೊದಿಸಿದ ಬಿಳಿ ಅರಿವೆ ನೆನೆದು ಮೈಗೆ ಅಂಟಿತು. ಬಲಗಡೆ ಮಾತ್ರ ತಗ್ಗಿಗೆ ಇಳಿಯಿತು. ಅರಿವೆಯ ಕೆಳಗೆ ಕೈ ಹಾಕಿದ ಮುದುಕಿ ಬೆಂಕಿ ಮುಟ್ಟಿದವಳಂತೆ ಹಿಂದೆಗೆದಳು.

"ಯಾ ಅಲ್ಲಾ! ನಲವತ್ತ ವರ್ಷ ಆತು ತೊಳಿಯಾಕತ್ತು, ಇಂಥಾದ್ದು ಕಂಡಿಲ್ಲ. ಎದೀನ ಉಳದಿಲ್ಲಲ್ಲವಾ ಇಲ್ಲಿ. ಒಂದ ಮನ್ಯಾಗ ಇದ್ದೀ, ಏನ್ ನೋಡ್ಕೋತ ಕುಂತಿದ್ದಿ?"

"ನನಗ ತೋರಿಸಲೇ ಇಲ್ಲ ಅಕಿ," ಅಂದಳು ತರನ್ನುಮ.

ಮೂರು ವಾರದ ಹಿಂದೆ ಅವ್ವ ಗಾದಿ ಹೊಲಿಯುತ್ತಲೇ ಬಿದ್ದಾಗ ಸೊಲ್ಲಾಪುರಕ್ಕೆ ಒಯ್ದಿದ್ದರು. ಅಲ್ಲಿನ ಡಾಕ್ಟರು, ಎರಡು ವರ್ಷ ಎಲ್ಲಿದ್ದಿರಿ ಎಂದು ಕೇಳಿದ್ದರು. ತರನ್ನುಮ ಎರಡು ವರ್ಷ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿದ್ದಳು, ಕಂಪ್ಯೂಟರಿನ ಮುಂದೆ.

ಸೀರೆಯ ಆಚೆಯಿಂದ ಶಂಕ್ರೆವ್ವನ ದನಿ ಬಂತು. ಪಕ್ಕದ ಮನೆಯವಳು, ಬಿಬಿಜಾನಳ ಜೀವದ ಗೆಳತಿ. ಬೆಳಗಿನಿಂದ ನೀರು ಕಾಸುತ್ತಿದ್ದಳು.

"ನಿಮ್ಮ ಆಫೀಸಿನ ಶ್ರೀಶೈಲ ಬಂದಾನ ತರನ್ನುಮ. ಕಟ್ಟಿ ಮ್ಯಾಲ ಕುಂತಾನ. ಕೈಯಾಗ ಹೂವಿಲ್ಲ ಏನಿಲ್ಲ, ತೊಡಿ ಮ್ಯಾಲ ಕಂಪ್ಯೂಟರ್ ಇಟಗೊಂಡಾನ!"

"ಕುಂಡ್ರಲಿ," ಅಂದಳು ಮುದುಕಿ. "ಹೆಣಕ್ಕಿಂತ ಅವಸರ ಯಾರಿಗೈತಿ?"

*

ಮೂರು ವರ್ಷದ ಹಿಂದೆ ಕೇಂದ್ರಕ್ಕೆ ರೊಕ್ಕ ಕೂಡಿಸುವವರು ಜೀಪಿಗೆ ಮೈಕು ಕಟ್ಟಿಕೊಂಡು ಸಾರುತ್ತ ಬಂದಿದ್ದರು. ಕ್ಯಾನ್ಸರ್ ಸಂಶೋಧಕರು ಈ ಕಡೆಗೆ ಕಾಲಿಡುವುದಿಲ್ಲ. ಬರಬೇಕಾದರೆ ಅವರಿಗೆ ಪ್ರಯೋಗಾಲಯ ಬೇಕು, ಇರಲು ಮನೆ ಬೇಕು, ದೊಡ್ಡ ಪಗಾರ ಬೇಕು. ಜನ ಎಷ್ಟು ಕೂಡಿಸುತ್ತಾರೋ ಸರಕಾರವೂ ಅಷ್ಟೇ ಹಾಕುತ್ತದೆ. ಸರಿಸಮ ಅನುದಾನ ಎಂಬುದು ಕಾಗದದ ಹೆಸರು. ಜನ ಅದನ್ನು ಜೋಡಿ ರೊಕ್ಕ ಅಂದರು. ಚಡಚಣದ ದ್ರಾಕ್ಷಿಯವರು ಕೊಟ್ಟರು, ಇಂಡಿಯ ಲಿಂಬೆಯವರು ಕೊಟ್ಟರು, ಸಿಂದಗಿಯ ಮಾಸ್ತರರು ಒಂದು ದಿನದ ಪಗಾರ ಬಿಟ್ಟರು. ಬಿಬಿಜಾನ ಮತ್ತು ಅವಳ ಗಂಡ ಕಾಸಿಂಸಾಬ ಅರಳೆ ಹಿಂಜಿ, ಕೇಂದ್ರಕ್ಕೆಂದು ಹನ್ನೆರಡು ಗಾದಿ ಹೊಲಿದು, ಎತ್ತಿನ ಗಾಡಿಯಲ್ಲಿ ಹೇರಿ ಕಳಿಸಿದರು.

ಕೇಂದ್ರ ಎದ್ದಿತು. ಹಿರಿಯ ಸಂಶೋಧಕರು ಡಾ. ವಿಜಯಲಕ್ಷ್ಮಿ ಎಂದು ಬಾಗಿಲಿಗೆ ಬೋರ್ಡು ಬಂತು. ಉದ್ಘಾಟನೆಯ ವಾರ ನಡೆದ ಶಿಬಿರದಲ್ಲಿ ನರ್ಸಿನ ಕೈಗೆ ಬಿಬಿಜಾನಳ ಬಲಗಡೆಯ ಎದೆಯಲ್ಲಿ ಗಂಟು ಸಿಕ್ಕಿತು. ಹೆಸರು, ವಯಸ್ಸು, ಊರು ಬರೆದುಕೊಂಡು, "ಡಾಕ್ಟರು ಬಂದ ಮ್ಯಾಲ ಕರೀತೇವ್ರಿ," ಅಂದಳು.

ಅದೇ ತಿಂಗಳು ತರನ್ನುಮಳಿಗೆ ಅಲ್ಲಿ ನೌಕರಿ ಸಿಕ್ಕಿತು. ಬಿಬಿಜಾನ ಗಂಟಿನ ವಿಷಯ ಶಂಕ್ರೆವ್ವನಿಗೊಬ್ಬಳಿಗೆ ಹೇಳಿದಳು. "ಮಗಳಿಗೆ ಹೇಳಂಗಿಲ್ಲ ನೋಡ. ಅವ್ವಗ ವಶೀಲಿ ಹಚ್ಯಾಳ ಅಂತಾರ, ಹೊಸಾ ನೌಕರಿ. ನನ್ನ ಪಾಳಿ ಬಂದ ಬರ್ತೈತಿ."

ಡಾಕ್ಟರು ಬಾಗೇವಾಡಿಯಲ್ಲಿ ಕಾಣದಿದ್ದರೆ, ಇವತ್ತು ಇಂಡಿಗೆ ಹೋಗಿದ್ದಾರೆ ಎಂದು ಹೇಳುತ್ತಿದ್ದರು. ಇಂಡಿಯವರಿಗೆ ಸಿಂದಗಿ ಎನ್ನುತ್ತಿದ್ದರು, ಸಿಂದಗಿಯವರಿಗೆ ಮುದ್ದೇಬಿಹಾಳ. ಮುದ್ದೇಬಿಹಾಳದವರು, ಅವರು ಇರುವುದೇ ಬಾಗೇವಾಡಿಯಲ್ಲಿ ಅಲ್ಲವೇ, ಅನ್ನುತ್ತಿದ್ದರು. ತರನ್ನುಮಳೂ ನಂಬಿದ್ದಳು. ಶ್ರೀಶೈಲ ತಂದುಕೊಟ್ಟ ಕಾಗದಗಳಲ್ಲಿ ಡಾಕ್ಟರ ಸಹಿ ಇರುತ್ತಿತ್ತು. ರೋಗಿಗಳ ಹೆಸರು ಮಾತ್ರ ಇರುತ್ತಿರಲಿಲ್ಲ. ನಂಬರು, ವಯಸ್ಸು, ಊರು, ರೋಗ. ಅವಳು ಅಚ್ಚುಕಟ್ಟಾಗಿ ಟೈಪು ಮಾಡಿ, ಕೊನೆಗೆ ಯಂತ್ರಕ್ಕೆ ಬೆರಳು ಒತ್ತುತ್ತಿದ್ದಳು.

*

"ಅವ್ವಾ, ನಮ್ಮೂರಾಕಿ ಒಬ್ಬಾಕಿ ಅದಾಳ ನೋಡ ನಮ್ಮಲ್ಲಿ," ಎಂದು ಹೋದ ವರ್ಷ ಒಂದು ಸಂಜೆ ತರನ್ನುಮ ಹೇಳಿದ್ದಳು. "ಹದಿನೇಳನೇ ನಂಬರಿನಾಕಿ. ನಿನ್ನ ವಾರಗಿಯಾಕಿನ. ಏಳ ಸಲ ನೋಡ್ಯಾರ ಡಾಕ್ಟರು. ಎದ್ಯಾಗಿನ ಗಂಟು ಕರಗಾಕತ್ತೈತಿ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಯಾರ ಅಕಿ?"

"ಹೆಸರ ಇರೂದಿಲ್ಲ. ಇದ್ದರೂ ಹೇಳಾಕ ಬರೂದಿಲ್ಲ."

ಮರುದಿನದಿಂದ ಬಿಬಿಜಾನ ಹಳೆಯ ಗಾದಿ ಬಿಚ್ಚಿ ಹೊಲಿದುಕೊಡುವ ನೆಪದಲ್ಲಿ ಮನೆಮನೆ ಹೊಕ್ಕಳು. ಚಹಾ ಕುಡಿಯುತ್ತ ಹೆಂಗಸರ ಮೈಕಟ್ಟು ನೋಡುವಳು. ಯಾರಾದರೂ ಚೇತರಿಸಿಕೊಂಡು ದಪ್ಪಗಾದಂತೆ ಕಂಡರೆ ದನಿ ಇಳಿಸಿ ಕೇಳುವಳು: "ಬಾಗೇವಾಡಿ ಡಾಕ್ಟರ ಕಡೆ ಹೊಂಟಿಯೇನವಾ ನೀ?" ಒಬ್ಬಳು ಕಸಬರಿಗೆ ಎತ್ತಿದಳು.

ಶಂಕ್ರೆವ್ವನಿಗೆ ನಗು ತಡೆಯಲಾಗಲಿಲ್ಲ. "ಊರ ಹೆಂಗಸರ ಎದಿ ನೋಡ್ಕೋತ ತಿರಗತಿಯಲ್ಲ, ಹುಚ್ಚ ಹಿಡದೈತೇನ ನಿನಗ?"

"ಅಕಿ ಸಿಕ್ಕರ ಎರಡ ಮಾತ ಕೇಳಬೇಕಾಗೇತಿ. ಡಾಕ್ಟರು ಯಾವ ವಾರ ಕುಂಡ್ರತಾರ? ಒಳಗ ಹೊಕ್ಕ ಕೂಡ್ಲೆ ಯಾರಿಗೆ ಹೆಸರ ಹೇಳೂದು?" ಬಿಬಿಜಾನ ಸೆರಗು ಎಳೆದುಕೊಂಡಳು. "ಮುಟ್ಟಿ ನೋಡುವಾಗ ಭಾಳ ನೋವ ಅಕ್ಕೈತೇನು?"

ಅವಳು ಒಂದು ತಿಂಗಳು ಹುಡುಕಿದಳು. ಮುಳವಾಡದಲ್ಲಿ ಅಂಥ ಹೆಂಗಸು ಸಿಗಲಿಲ್ಲ.

"ಯಾವಾಕಿನೋ, ದೊಡ್ಡ ನಸೀಬದಾಕಿ," ಅಂದು ಹುಡುಕುವುದು ಬಿಟ್ಟಳು.

*

ಮಧ್ಯಾಹ್ನದ ಜೋಹರ್ ನಮಾಜು ಮುಗಿಸಿ ಗಂಡಸರು ಜನಾಜಾ ಎತ್ತಿದರು. ಕಾಸಿಂಸಾಬ ಮುಂದೆ ಹೆಗಲು ಕೊಟ್ಟ. ಶ್ರೀಶೈಲ ನಾಲ್ಕು ಹೆಜ್ಜೆ ಜೊತೆಗೆ ಹೋಗಿ, ತಿರುಗಿ ಬಂದು, ಅಂಗಳದ ಜಮಖಾನೆಯ ಅಂಚಿಗೆ ನಿಂತ. ಜಮಖಾನೆಯ ತುಂಬ ಹೆಂಗಸರು.

"ಅಲ್ಲೋ, ಗಂಡಸರೆಲ್ಲಾ ಅತ್ಲಾಗ ಹೋದ್ರು," ಅಂದಳು ಶಂಕ್ರೆವ್ವ. "ನೀ ಯಾವ ಕಡೆಯಾಂವ?"

ಶ್ರೀಶೈಲ ಅವಳತ್ತ ನೋಡಲಿಲ್ಲ. "ಎರಡ ನಿಮಿಷ ತರನ್ನುಮ. ನನಗೂ ಮನಸಿಲ್ಲ. ಬೆಂಗಳೂರಿಂದ ತಪಾಸಣಿಯವರು ಮೂರಕ್ಕ ಬರ್ತಾರ. ಹದಿನೇಳನೇ ನಂಬರ ಮುಚ್ಚಬೇಕು. ಹಾಕಿದಾಕಿ ನೀನು, ನಿನ್ನ ಬೆರಳ ಇಲ್ಲದ ಅದು ತೆರಿಯೂದಿಲ್ಲ."

"ಇವತ್ತೇನ್ರಿ ಸರ್?" ತರನ್ನುಮ ಗಾಬರಿಯಾದಳು. "ಯಾಕ, ಅಕಿಗೇನಾತು?"

ಅವಳಿಗೆ ಗೊತ್ತೇ ಇದೆ ಎಂದು ಶ್ರೀಶೈಲ ತಿಳಿದಿದ್ದ.

"ಹದಿನೇಳು... ನಿಮ್ಮವ್ವಂದ ನಂಬರ."

ತರನ್ನುಮಳಿಗೆ ಮೊದಲು ನೆನಪಾದದ್ದು ವಯಸ್ಸು. ಐವತ್ನಾಲ್ಕು. ಆಮೇಲೆ ಊರು. ಆಮೇಲೆ ಬಲಗಡೆ ಎಂಬ ಶಬ್ದ. ಅದನ್ನು ಅವಳು ಹನ್ನೊಂದು ಸಲ ಟೈಪು ಮಾಡಿದ್ದಳು.

"ಅಂದ್ರ," ಶಂಕ್ರೆವ್ವ ಎದ್ದು ನಿಂತಳು, ಮತ್ತೆ ಕುಳಿತಳು. "ಅಕಿ ಊರ ತುಂಬ ಹುಡಿಕಿದ್ದು ತನ್ನನ್ನೇನ?"

ಅಳುತ್ತಿದ್ದವರು ಅಳು ನಿಲ್ಲಿಸಿದರು.

"ಡಾಕ್ಟರು ಒಂದ ಸಲಾನೂ ಬಂದಿಲ್ಲೇನ್ರಿ?" ಅಂದಳು ತರನ್ನುಮ.

"ಉದ್ಘಾಟನಿ ದಿನ ರಿಬ್ಬನ್ ಕತ್ತರಿಸಿ ಮಧ್ಯಾಹ್ನದ ರೈಲಿಗೆ ಬೆಂಗಳೂರಿಗೆ ಹೋದ್ರು. ಅಲ್ಲೇ ಕುಂತ ಸಹಿ ಮಾಡ್ತಾರ." ಶ್ರೀಶೈಲ ಮಂಡಿಯೂರಿ ಕುಳಿತ, ದನಿ ತಗ್ಗಿಸಿದ. "ಸಂಶೋಧಕರು ಇಲ್ಲ ಅಂತ ಬರದ್ರ ಸರಕಾರದ ಪಾಲು ನಿಲ್ತೈತಿ. ಪಾಲು ನಿಂತ್ರ ಯಾವ ಸಂಶೋಧಕನೂ ಬರೂದಿಲ್ಲ. ರೋಗಿಗಳನ್ನ ನೋಡ್ಯಾರ ಅಂತ ತೋರಸಾಕಬೇಕಲ್ಲ, ಶಿಬಿರದಾಗಿನ ಹೆಸರ ತಗೊಂಡ್ವಿ. ಸತ್ತಾಳ ಅಂತ ಹಾಕಿದ್ರ ಎಲ್ಲಾ ರಿಪೋರ್ಟ್ ಕೇಳ್ತಾರ, ಮುಗದ ಹೋತು ಕೇಂದ್ರ. ಸ್ವಇಚ್ಛೆಯಿಂದ ಹೊರಗುಳಿದರು ಅಂತ ಹಾಕಿ ಬೆರಳ ಇಡು. ಈ ಕಂತು ಬಂದ್ರ ಇಬ್ಬರು ಖರೇನ ಬರ್ತಾರ, ನನ್ನ ಮಕ್ಕಳಾಣಿ. ಇನ್ನೊಬ್ಬರ ಅವ್ವಗರೆ ಡಾಕ್ಟರು ಸಿಗಲಿ."

ತರನ್ನುಮ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೆ ಇನ್ನೂ ಭಯಂಕರವೆನಿಸಿತು. ಕೈ ಚಾಚಿ ಕಂಪ್ಯೂಟರು ಇಸಿದುಕೊಂಡು, ದಾಖಲೆ ತೆರೆಯಲು ಒಮ್ಮೆ ಬೆರಳು ಒತ್ತಿದಳು. ಶ್ರೀಶೈಲ ಉಸಿರು ಬಿಟ್ಟ.

ಅವಳು ಗಟ್ಟಿಯಾಗಿ ಓದತೊಡಗಿದಳು.

"ಮೊದಲನೇ ಭೇಟಿ. ಜೂನ್ ಇಪ್ಪತ್ನಾಲ್ಕು. ಬಾಗೇವಾಡಿ. ರೋಗಿ ಉತ್ಸಾಹದಿಂದ ಇದ್ದಾರೆ."

ಶಂಕ್ರೆವ್ವ ಬೆರಳು ಮಡಚಿದಳು. "ಶಿಬಿರ ಆದ ವರ್ಷದ್ದಾ? ಕಾರಹುಣ್ಣಿಮಿ ಆಗಿ ಮೂರನೇ ದಿನ ಅದು. ನಮ್ಮ ಮನ್ಯಾಗ ಗಾದಿ ಹೊಲಿಯಾಕತ್ತಿದ್ಲು. ಸಂಜಿತನಾ ನಮ್ಮ ಪಡಸಾಲಿ ಬಿಟ್ಟ ಎದ್ದಿಲ್ಲ."

"ಎರಡನೇ ಭೇಟಿ. ಸೆಪ್ಟೆಂಬರ್ ಒಂಬತ್ತು. ಇಂಡಿ. ತೂಕ ಎರಡು ಕಿಲೊ ಹೆಚ್ಚಾಗಿದೆ."

"ಸುಳ್ಳ!" ಹಿಂದಿನ ಸಾಲಿನಲ್ಲಿದ್ದ ಸುನಂದಾ ಅಂದಳು, ಅವಳ ಹೊಲಕ್ಕೆ ಬಿಬಿಜಾನ ಕೂಲಿಗೆ ಹೋಗುತ್ತಿದ್ದಳು. "ಅವತ್ತ ಊರಾಗ ಗಣಪತಿ ಕುಂತಿದ್ದ. ನಮ್ಮ ಹೊಲದಾಗ ಹೆಸರಕಾಯಿ ಬಿಡಸಾಕ ಬಂದಿದ್ಲು. ತೋಳ ಎತ್ತಾಕ ಬರವಲ್ದು ಅಂತ ಮಧ್ಯಾಹ್ನಕ್ಕ ಎದ್ದ ಹೋದ್ಲು. ನಾ ಬೈದೆ ಅಕಿಗೆ."

"ಮೂರನೇ ಭೇಟಿ. ನವೆಂಬರ್ ಹನ್ನೊಂದು. ಸಿಂದಗಿ. ನೋವು ಇಲ್ಲ."

"ಇನ್ನೊಮ್ಮೆ ಓದು," ಅಂದಳು ಹೆಣ ತೊಳೆದ ಮುದುಕಿ.

"ನೋವು ಇಲ್ಲ."

ಮುದುಕಿ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

"ಸಾಕು ತರನ್ನುಮ," ಶ್ರೀಶೈಲ ಸುತ್ತಲೂ ನೋಡಿದ. "ಮಂದಿ ಮುಂದ ಓದುವಂಥಾದ್ದಲ್ಲ ಅದು. ಮುಚ್ಚು. ಮತ್ತೊಮ್ಮೆ ಬೆರಳ ಇಟ್ರ ಮುಗೀತು."

"ಇಡೂದಿಲ್ರಿ."

"ನೌಕರಿ ಹೋಗ್ತೈತಿ. ಕೇಸ್ ಆದ್ರ ಟೈಪ್ ಮಾಡಿದಾಕಿ ನೀನು, ಮೊದಲ ನಿನ್ನ ಹೆಸರ ಬರ್ತೈತಿ."

"ಬರಲ್ರಿ. ಹೆಸರ ಬರಲಿ."

ಅವನು ಕಂಪ್ಯೂಟರಿಗೆ ಕೈ ಹಾಕಿದ. ಶಂಕ್ರೆವ್ವ ನಡುವೆ ಬಂದು ಕುಳಿತಳು. ಬಾಗಿಲಲ್ಲಿ ನಿಂತಿದ್ದ ಹೆಂಗಸರೂ ಜಮಖಾನೆಗೆ ಬಂದು ಕುಳಿತರು. ಯಾರೋ ಅಳುವ ಕೂಸಿಗೆ ಮೊಲೆ ಕೊಟ್ಟು ಸುಮ್ಮನಾಗಿಸಿದರು.

"ನಾಲ್ಕನೇ ಭೇಟಿ," ಅಂದಳು ತರನ್ನುಮ. "ಫೆಬ್ರುವರಿ ಮೂರು. ಮುದ್ದೇಬಿಹಾಳ."

ಅಂಗಳದ ತುಂಬ ಹೆಂಗಸರು ಕಣ್ಣು ಮುಚ್ಚಿ ಆ ಫೆಬ್ರುವರಿಯನ್ನು ಹುಡುಕತೊಡಗಿದರು.