ಒಬ್ಬಳೇ ಮೇಸ್ತ್ರಿ

ಉಚ್ಚಂಗೆಪ್ಪನನ್ನು ಕೊಟ್ಟೂರಿಗೆ ಕಳಿಸಿದ್ದು ಅವನ ಮಾತಿಗಾಗಿ. ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಲೆಕ್ಕಕ್ಕೆ ಅವನಿಗಿಂತ ಚುರುಕಾದ ಸಂಶೋಧನಾ ಸಹಾಯಕರಿದ್ದರು. ಆದರೆ ಶೇಂಗಾ ಮಿಲ್ಲುಗಳಲ್ಲಿ ದುಡಿಯುವ ಹೆಂಗಸರು ಪ್ಯಾಂಟು ಹಾಕಿದವರನ್ನು ಕಂಡರೆ ಬಾಯಿಗೆ ಸೆರಗಿಟ್ಟುಕೊಂಡು ಸುಮ್ಮನಾಗಿಬಿಡುತ್ತಿದ್ದರು. ಮೊದಲು ಹೋಗಿದ್ದ ಮೈಸೂರು ಕಡೆಯವನೊಬ್ಬ ಬರಿಗೈಯಲ್ಲಿ ವಾಪಸಾಗಿದ್ದ. ಉಚ್ಚಂಗೆಪ್ಪ ಕಾನಹೊಸಹಳ್ಳಿಯ ಕೇರಿಯವನು. ಅವ್ವ ಕೂಲಿಗೆ ಹೋಗಿ ಓದಿಸಿದ್ದಳು. ಆ ಕೇರಿಯಲ್ಲಿ ಎಂ.ಎ. ಮುಗಿಸಿದವನು ಅವನೇ ಮೊದಲಿಗ.

ಅದು ಎಂಬತ್ತಮೂರನೆಯ ಇಸವಿಯ ಚಳಿಗಾಲ. ಶೇಂಗಾ ಸುಗ್ಗಿ ಮುಗಿದು ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದವು. ಹಂಗಾಮಿನ ಕೂಲಿಗಳು ಎಷ್ಟು ಹೊತ್ತು ದುಡಿಯುತ್ತಾರೆ, ಗಂಡಿಗೂ ಹೆಣ್ಣಿಗೂ ಕೂಲಿಯಲ್ಲಿ ಏನು ವ್ಯತ್ಯಾಸ, ಕೆಲಸದಲ್ಲಿ ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಿ ಬರೆದುಕೊಳ್ಳುವುದು ಅವನ ಕೆಲಸ.

ಊರಿನ ಮಿಲ್ಲುಗಳಲ್ಲಿ ಮೇಸ್ತ್ರಿಗಳೆಲ್ಲ ಗಂಡಸರು, ದುರುಗಮ್ಮ ಒಬ್ಬಳನ್ನು ಬಿಟ್ಟು. ಹಾಲಸ್ವಾಮಿಯ ಮಿಲ್ಲಿಗೆ ಕೇರಿಯಿಂದ ಹೆಂಗಸರನ್ನು ಕರೆತಂದು, ಕೆಲಸ ಹಂಚಿ, ಸಂಜೆ ಎಲ್ಲರನ್ನೂ ಮನೆ ಮುಟ್ಟಿಸುವುದು ಅವಳ ಹೊಣೆ. ದನಿ ದೊಡ್ಡದು. ಶೇಂಗಾ ಧೂಳಿಗೆ ಕೆಮ್ಮು ಕಾಯಂ ಆಗಿತ್ತು. ಮೊದಮೊದಲು ಉಚ್ಚಂಗೆಪ್ಪನನ್ನು 'ಸರ್ರ' ಎನ್ನುತ್ತಿದ್ದವಳು, ಅವನು ಯಾರ ಮಗನೆಂದು ತಿಳಿದ ಮೇಲೆ 'ತಮ್ಮಾ' ಎನ್ನತೊಡಗಿದಳು. ತನ್ನ ಗುಡಿಸಲ ಮುಂದೆ ಕೂರಿಸಿ, ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟಳು.

ಪೆಟ್ಟಿನ ಪ್ರಶ್ನೆ ಬಂದಾಗ ಮಾತ್ರ ಅವನ ಹಾಳೆಗಳತ್ತ ನೋಡಿದಳು. ಇದನ್ನೆಲ್ಲ ಯಾರು ಓದುತ್ತಾರೆ ಎಂದು ಕೇಳಿದಳು. ಹೇಳಿದವರ ಹೆಸರು ಎಲ್ಲಿಯೂ ಬರುವುದಿಲ್ಲ ಎಂದು ಉಚ್ಚಂಗೆಪ್ಪ ಮಾತು ಕೊಟ್ಟ. ಕೊಡುವಾಗ ಅದನ್ನು ಪೂರ್ತಿ ನಂಬಿದ್ದ.

"ಪಾಲಮ್ಮ ಅಂತ ಒಂದು ಹುಡುಗಿ ಇತ್ತು," ಅಂದಳು ದುರುಗಮ್ಮ. "ಸುಲಿಯೋ ಮಿಷಿನ್ನಿನ ಬೆಲ್ಟಿಗೆ ಸೆರಗು ಸಿಕ್ಕು ಒಳಗ ಎಳಕೊಂತು. ನಾನಽ ಬಿಡಿಸಿದ್ದು. ದವಾಖಾನಿ ಮುಟ್ಟೂದ್ರಾಗ ಜೀವ ಇರಲಿಲ್ಲ. ಮಿಲ್ಲಿನವರು ಗಾಡಿ ಮ್ಯಾಲಿಂದ ಬಿದ್ಲು ಅಂತ ಬರಸ್ಯಾರ."

ಉಚ್ಚಂಗೆಪ್ಪ ವಿಭಾಗಕ್ಕೆ ಮರಳಿ ಕೋಷ್ಟಕಗಳನ್ನು ಮಾಡಿದ. ಅಡ್ಡಸಾಲಿನಲ್ಲಿ ಕೆಲಸದ ಬಗೆ, ಉದ್ದಸಾಲಿನಲ್ಲಿ ಗಂಡು, ಹೆಣ್ಣು. ಮೇಸ್ತ್ರಿ ಎಂಬ ಸಾಲಿನಲ್ಲಿ ಹೆಣ್ಣಿನ ಕೆಳಗೆ 'ಒಂದು' ಎಂದು ಬರೆಯುವಾಗ ಅವನ ಕೈ ನಿಂತಿತು. ಯಾವ ಬಗೆಯ ಕೆಲಸಗಾರರು ಯಾವ ಅಪಘಾತ ಕಂಡಿದ್ದಾರೆ ಎಂಬುದು ಮುಂದಿನ ಪುಟದಲ್ಲೇ ಇತ್ತು. ಎರಡನ್ನೂ ಕೂಡಿಸಿ ಓದಿದರೆ ಊರಿನ ಯಾರಿಗಾದರೂ ದುರುಗಮ್ಮ ಕಾಣುತ್ತಿದ್ದಳು.

ಅವನು ಪ್ರೊಫೆಸರರ ಬಳಿ ಹೋಗಿ, ಆ ಸಾಲನ್ನು ಉಳಿದ ಕೂಲಿಗಳ ಸಾಲಿನಲ್ಲಿ ಸೇರಿಸಿಬಿಡೋಣ ಎಂದ. ಅವರು ಕೆಟ್ಟವರಲ್ಲ. ಇಂಥ ಮಿಲ್ಲುಗಳಿಗೂ ಕಾರ್ಮಿಕ ಕಾನೂನು ಮುಟ್ಟಬೇಕೆಂದು ವರ್ಷಗಟ್ಟಲೆ ಬರೆಯುತ್ತಿದ್ದವರು. ಸಾಲು ಸೇರಿಸಿದರೆ ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೂಲಿ ಎಂಬ ಮುಖ್ಯ ವಿಷಯವೇ ಅಳಿಸಿಹೋಗುತ್ತದೆ ಎಂದರು.

"ಹೆಸರಂತೂ ಇಲ್ಲವಲ್ಲ, ಉಚ್ಚಂಗೆಪ್ಪ. ಇರೋದನ್ನ ಇಲ್ಲ ಅಂತ ಬರೆಯೋಕಾಗುತ್ತದೆಯೇ?"

ಅವನು ಮತ್ತೊಮ್ಮೆ ಹೇಳಿದ. ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು. ಅವನ ಹುದ್ದೆ ವರ್ಷ ವರ್ಷ ಅವರ ಶಿಫಾರಸಿನಿಂದ ಮುಂದುವರಿಯಬೇಕಾದದ್ದು. ಮೂರನೆಯ ಸಲ ಹೇಳಲು ಬಾಯಿ ಬರಲಿಲ್ಲ.

ವರದಿಯನ್ನು ಹರಪನಹಳ್ಳಿಯಲ್ಲಿ ಸಭೆ ಕರೆದು ಮಂಡಿಸಿದರು. ಅಧಿಕಾರಿಗಳ ಜೊತೆ ಮಿಲ್ಲಿನ ಮಾಲೀಕರನ್ನೂ ಕರೆದಿದ್ದರು. ಹಾಲಸ್ವಾಮಿ ಇಂಗ್ಲಿಷ್ ಬಲ್ಲವನು. ಚಹಾ ಕುಡಿಯುತ್ತಾ ಹಾಳೆ ತಿರುವಿದ, ಒಂದು ಪುಟದಲ್ಲಿ ತಡೆದ, ಹಿಂದಿನ ಪುಟಕ್ಕೆ ಹೋದ, ಮತ್ತೆ ಮುಂದೆ ಬಂದ. ಹಿಂದಿನ ಕುರ್ಚಿಯಿಂದ ಉಚ್ಚಂಗೆಪ್ಪ ಎಲ್ಲವನ್ನೂ ನೋಡುತ್ತಿದ್ದ. ಸಭೆ ಮುಗಿದ ಮೇಲೆ ಹಾಲಸ್ವಾಮಿ ಪ್ರೊಫೆಸರರಿಗೆ ಕೈಮುಗಿದು, ಒಳ್ಳೆಯ ಕೆಲಸ ಮಾಡಿದ್ದೀರಿ ಎಂದು ಹೇಳಿಹೋದ.

ಆ ವಾರವೇ ದುರುಗಮ್ಮನನ್ನು ಕೆಲಸದಿಂದ ಬಿಡಿಸಿದರು. ಬೇರೆ ಮಿಲ್ಲಿನವರೂ ಒಳಗೆ ಬಿಡಲಿಲ್ಲ. ಅವಳ ಜೊತೆ ಓಡಾಡಿದವರಿಗೂ ಕೆಲಸ ಸಿಗುವುದಿಲ್ಲ ಎಂಬ ಮಾತು ಹಬ್ಬಿ, ಕೇರಿಯ ಹೆಂಗಸರು ನೀರಿನ ಹತ್ತಿರವೂ ಅವಳಿಂದ ದೂರ ನಿಲ್ಲತೊಡಗಿದರು. ಸುದ್ದಿ ತಿಳಿದು ಉಚ್ಚಂಗೆಪ್ಪ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿಗೆ ಓಡಿಬಂದ.

"ನಿನ್ನ ಹೆಸರು ನಾನು ಯಾರಿಗೂ ಹೇಳಿಲ್ಲಕ್ಕ," ಎಂದ.

"ಗೊತ್ತೈತಿ ತಮ್ಮಾ. ಈ ಊರಾಗ ಹೆಣ್ಣು ಮೇಸ್ತ್ರಿ ಎಷ್ಟು ಮಂದಿ ಅದಾರ, ಹೇಳು?"

ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ. ಕೆಮ್ಮು ಬಂದು ನಿಂತ ಮೇಲೆ ಹೇಳಿದಳು: "ಮುಚ್ಚಿಟ್ಟು ಏನಾತು? ಈಗ ಹೆಸರು ಹಾಕೇ ಬರಿ. ದುರುಗಮ್ಮ ಕಣ್ಣಿಲೆ ನೋಡ್ಯಾಳ ಅಂತ ಬರಿ. ಹೋಗೂದು ಹೆಂಗೂ ಹೋಗೈತಿ."

ಅವನು ಕಾರ್ಮಿಕ ಇಲಾಖೆಗೆ ಅರ್ಜಿ ಬರೆದ. ಅವಳ ಹೆಬ್ಬೆಟ್ಟಿನ ಕೆಳಗೆ ತನ್ನ ರುಜುವನ್ನೂ ಹಾಕಿದ. ಅಧ್ಯಯನದಲ್ಲಿ ಕಂಡದ್ದನ್ನು ದೂರಾಗಿ ಕೊಡುವ ಅಧಿಕಾರ ಸಹಾಯಕನಿಗಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.

ಬೇಸಿಗೆ ಕಾಲಿಡುವ ಹೊತ್ತಿಗೆ ಒಬ್ಬ ಅಧಿಕಾರಿ ವಿಚಾರಣೆಗೆ ಬಂದ. ಹೆಂಗಸರನ್ನು ಒಬ್ಬೊಬ್ಬರಾಗಿ ಕರೆಯಿಸಿದ. ಒಬ್ಬರು ಆ ದಿನ ಕೆಲಸಕ್ಕೇ ಹೋಗಿರಲಿಲ್ಲ ಎಂದರು, ಇನ್ನೊಬ್ಬರು ಹಿಂದಿನ ಅಂಗಳದಲ್ಲಿದ್ದೆ ಎಂದರು. ಕೊನೆಗೆ ಪಾಲಮ್ಮನ ತಾಯಿ ಮಾರೆಮ್ಮ ಬಂದಳು. ಹೆತ್ತವಳು ಸುಳ್ಳು ಹೇಳಲಾರಳು ಎಂದು ಉಚ್ಚಂಗೆಪ್ಪ ಅವಳ ಮೇಲೆಯೇ ಎಲ್ಲ ಭರವಸೆ ಇಟ್ಟಿದ್ದ. ಮಾರೆಮ್ಮ ನೆಲ ನೋಡುತ್ತ, ನನ್ನ ಮಗಳು ಗಾಡಿಯಿಂದ ಬಿದ್ದು ಸತ್ತಳು ಎಂದಳು. ಮತ್ತೊಮ್ಮೆ ಕೇಳಿದಾಗಲೂ ಅದನ್ನೇ ಹೇಳಿದಳು.

ಅಧಿಕಾರಿ ಜೀಪು ಹತ್ತಿ ಹೋದ. ದುರುಗಮ್ಮ ಹೊರಗೆ ಬೇವಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಮಾರೆಮ್ಮ ನೇರ ಮನೆಗೆ ಹೋಗದೆ ಅವಳ ಮುಂದೆ ಬಂದು ನಿಂತಳು.

"ಸಣ್ಣಾಕಿ ಅಲ್ಲೇ ಮಿಲ್ಲಿನಾಗ ಅದಾಳ, ದುರುಗೀ," ಎಂದಳು. "ಅಕ್ಕ ನಿಂತಿದ್ದ ಜಾಗದಾಗ ನಿಲ್ಲಸ್ಯಾರ. ಆಕೀನ ಬಿಡಿಸಿದ್ರ ನಾವು ಏನು ತಿನ್ನೂನು?"

ದುರುಗಮ್ಮ ಪಕ್ಕದ ನೆಲವನ್ನು ಅಂಗೈಯಿಂದ ಸವರಿ, "ಕುಂದ್ರು. ಮುಂಜಾನಿಂದ ಉಂಡೀಯೇನು?" ಎಂದಳು. ಮಾರೆಮ್ಮ ಕುಸಿದು ಕುಳಿತು, ಮಗಳು ಸತ್ತ ದಿನ ಅಳಲಾಗದ್ದನ್ನೆಲ್ಲ ಅವಳ ಮಡಿಲಲ್ಲಿ ಅತ್ತಳು.

ವಿಭಾಗದವರು ಉಚ್ಚಂಗೆಪ್ಪನಿಂದ ವಿವರಣೆ ಕೇಳಿದರು. ಮಾರ್ಚಿ ಮುಗಿದಾಗ ಹುದ್ದೆ ಮುಂದುವರಿಯಲಿಲ್ಲ. ಪ್ರೊಫೆಸರರು ಬೇಸರ ಪಟ್ಟುಕೊಂಡೇ ಬೀಳ್ಕೊಟ್ಟರು. ಹರಪನಹಳ್ಳಿ ಬಳಿಯ ಅರಸೀಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಅವನು ಪಾಠ ಹೇಳತೊಡಗಿದ. ದುರುಗಮ್ಮ ಮಗ ಸೊಸೆಯ ಜೊತೆ ಸಂಡೂರು ಕಡೆಗೆ ಅದಿರು ಹೊರಲು ಹೋದಳು.

ಮುಂದಿನ ಸುಗ್ಗಿಯಲ್ಲಿ ಅರಸೀಕೆರೆಯ ಸಂತೆಯಲ್ಲಿ ಮಾರೆಮ್ಮ ಸಿಕ್ಕು, ಮಿಲ್ಲಿನಲ್ಲಿ ಈಗ ಬೆಲ್ಟಿಗೆ ತಗಡಿನ ಮುಚ್ಚಳ ಬಡಿಸಿದ್ದಾರೆಂದು ಹೇಳಿದಳು. ವಿಚಾರಣೆ ಮತ್ತೆ ಬಂದೀತೆಂದು ಹಾಲಸ್ವಾಮಿ ಹೆದರಿರಬೇಕು. ಉಚ್ಚಂಗೆಪ್ಪ ರಜೆ ಹಾಕಿ ಸಂಡೂರಿಗೆ ಹೋದ. ದುರುಗಮ್ಮನ ಗುರುತು ಹತ್ತಲು ತಡವಾಯಿತು. ಮೈಯೆಲ್ಲ ಕೆಂಪು ಧೂಳು, ಕೆನ್ನೆ ಒಳಸೇರಿತ್ತು, ಕೆಮ್ಮಿದಾಗ ಬುಟ್ಟಿ ಇಳಿಸಿಯೇ ಸುಧಾರಿಸಿಕೊಳ್ಳಬೇಕಿತ್ತು. ಆ ದೊಡ್ಡ ದನಿ ಹೋಗಿತ್ತು.

ತಗಡಿನ ಸುದ್ದಿ ಕೇಳಿ, ಪೂರ್ತಿ ಮುಚ್ಚಿದ್ದಾರೋ ಅರ್ಧವೋ ಎಂದು ವಿಚಾರಿಸಿದಳು. ಪೂರ್ತಿ ಎಂದ.

"ಚಲೋ ಆತು," ಎಂದಳು. "ಮಾರೀಗೆ ಹೇಳು, ನಾನು ಆರಾಮ ಅದೀನಿ ಅಂತ."

ಕಾವಲಿನವನು ಕೂಗಿದ. ಅವಳು ಬುಟ್ಟಿ ಎತ್ತಿಸು ಎಂದಳು. ಉಚ್ಚಂಗೆಪ್ಪ ಬಗ್ಗಿ, ಎರಡೂ ಕೈಯಿಂದ ಅದಿರಿನ ಬುಟ್ಟಿಯನ್ನು ಅವಳ ತಲೆಗೆ ಏರಿಸಿದ.